ಪೀಸ್‌ಪೋರ್ಟಿನ ಕೆಂಪು ದಂಡೆ

ಜರ್ಮನಿಯ ಟ್ರೀರ್‌ನಲ್ಲಿರುವ ಮಗಳ ಮನೆಗೆ ಹೋದಾಗ, ಒಂದು ವೈನ್ ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿದ್ದ ನಕ್ಷೆ ಕಣ್ಣಿಗೆ ಬಿತ್ತು. ವೈನಿನ ಬಗ್ಗೆ ಆಗ ನನಗೇನೂ ಗೊತ್ತಿರಲಿಲ್ಲ. ಆದರೆ ಧಾರವಾಡ ಸೀಮೆಯ ಸರ್ವೇ ಕಚೇರಿಗಳಲ್ಲಿ 32 ವರ್ಷ ಕಳೆದವನಿಗೆ ಅದು ಕಂದಾಯದ ನಕ್ಷೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಾವಿನಂತೆ ಬಳುಕುವ ಮೋಸೆಲ್ ನದಿ, ಅದರ ದಂಡೆಗೆ ಗಾಢ ಕೆಂಪು, ಮುಂದೆ ತಿಳಿಗೆಂಪು, ಇನ್ನೂ ಆಚೆ ಬಣ್ಣ ತೀರಾ ಮಾಸಿದ ಪಟ್ಟಿಗಳು. ಹೆಚ್ಚು ಕೆಂಪಿದ್ದಲ್ಲಿ ಹೆಚ್ಚು ಆಕಾರ, ಅಂದರೆ ಕಂದಾಯ.

ಅದು 1868ರ ನಕ್ಷೆಯ ಮರುಮುದ್ರಣ. ಆ ಸೀಮೆಯನ್ನು ಆಗ ಆಳುತ್ತಿದ್ದ ಪ್ರಶ್ಯದ ಸರ್ಕಾರ 1861ರಲ್ಲಿ ಭೂಕಂದಾಯದ ಕಾನೂನು ತಂದು, ಪ್ರತಿ ಜಮೀನಿಗೂ ನಿವ್ವಳ ಉತ್ಪನ್ನದ ಮೇಲೆ ದರ್ಜೆ ಕಟ್ಟಿಸಿತು. ಆ ಲೆಕ್ಕವನ್ನೇ ಹಿಡಿದು ಟ್ರೀರ್‌ನ ತೆರಿಗೆ ಅಧಿಕಾರಿ ಕ್ಲೊಟ್ಟೆನ್ ದ್ರಾಕ್ಷಿ ತೋಟಗಳಿಗೆ ಬಣ್ಣ ತುಂಬಿಸಿದ. ನಮ್ಮ ಕಡೆ ಮುಂಬೈ ಪ್ರಾಂತದ ಸರ್ವೇಯವರು ಮಣ್ಣು ಅಗೆದು ನೋಡಿ, ಆಳ ಅಳೆದು, ಹೊಲಕ್ಕೆ ಇಷ್ಟು ಆಣೆ ಎಂದು ದರ್ಜೆ ಹಾಕಿದ್ದೂ ಅದೇ ಶತಮಾನದಲ್ಲಿ. ರೈನ್‌ಗೌ ಸೀಮೆಗೆ ಇಂಥದೇ ನಕ್ಷೆ 1867ರಲ್ಲಿ ಬಂದಿತ್ತು. ಬವೇರಿಯದ ಕೈಯಲ್ಲಿದ್ದ ಫಾಲ್ಟ್ಸ್ ಸೀಮೆಯ ಜಮೀನುಗಳಿಗೆ ಅದಕ್ಕೂ ಮೊದಲೇ, 1828ರಲ್ಲಿ, ದರ್ಜೆ ಕಟ್ಟಿ ಆಗಿತ್ತು.

ಈ ಲೆಕ್ಕಗಳು ತಕರಾರಿಲ್ಲದೆ ಬಂದವಲ್ಲ. ಟ್ರೀರ್‌ನಲ್ಲೇ ಹುಟ್ಟಿದ ಕಾರ್ಲ್ ಮಾರ್ಕ್ಸ್ 1843ರಲ್ಲಿ ಮೋಸೆಲ್ ಬೆಳೆಗಾರರ ಬಡತನದ ಬಗ್ಗೆ ಪತ್ರಿಕೆಗೆ ಬರೆದಾಗ, ಉತ್ಪನ್ನದ ಬಗ್ಗೆ ಭೂದಾಖಲೆ ಅಧಿಕಾರಿಗಳ ಲೆಕ್ಕ ಸರಿಯೋ, ಬೆಳೆಗಾರರ ಲೆಕ್ಕ ಸರಿಯೋ ಎಂಬ ಜಗಳವನ್ನೇ ಎತ್ತಿಕೊಂಡಿದ್ದ. ಅಧಿಕಾರಿಯ ಮೇಜಿನ ಈಚೆ ಕೂತು ಅಂಥ ತಕರಾರು ಅರ್ಜಿಗಳನ್ನು ನಾನೂ ಓದಿದ್ದೇನೆ. ರೈತನ ಹೊಟ್ಟೆಯುರಿ ಕಾಗದದ ಮೇಲೂ ತಿಳಿಯುತ್ತದೆ.

ಮರುವಾರ ಪೀಸ್‌ಪೋರ್ಟಿಗೆ ಹೋದೆವು. ನಕ್ಷೆಯಲ್ಲಿ ಗಾಢ ಕೆಂಪಿದ್ದ ಊರು. ಸೇತುವೆಯ ಮೇಲೆ ನಿಂತರೆ ಅಧಿಕಾರಿ ಕಂಡದ್ದು ನಿಮಗೂ ಕಾಣುತ್ತದೆ. ಎಡದಂಡೆಯ ಬೆಟ್ಟ ಅರ್ಧಚಂದ್ರಾಕಾರವಾಗಿ ಬಾಗಿ, ಬಿಸಿಲನ್ನೆಲ್ಲ ಬಾಚಿಕೊಳ್ಳುವಂತೆ ದಕ್ಷಿಣಕ್ಕೆ ಮುಖ ಮಾಡಿದೆ. ಮೇಲೆ ಹತ್ತಿದರೆ ಕಾಲಡಿ ಮಣ್ಣಿಗಿಂತ ಸ್ಲೇಟಿನ ಚೂರೇ ಹೆಚ್ಚು, ನಾವು ಬಳಪ ಹಿಡಿದು ಬರೆದ ಅದೇ ಸ್ಲೇಟು. ಸಂಜೆ ಏಳಕ್ಕೆ ಒಂದು ಚೂರು ಎತ್ತಿಕೊಂಡೆ, ಅಂಗೈಗೆ ಇನ್ನೂ ಬೆಚ್ಚಗಿತ್ತು. ಹಗಲು ಕುಡಿದ ಬಿಸಿಲನ್ನು ಕಲ್ಲು ರಾತ್ರಿ ಬಳ್ಳಿಗೆ ಕೊಡುತ್ತದೆ. ಒಂದೊಂದು ಬಳ್ಳಿಗೂ ಒಂದೊಂದು ಗೂಟ, ಕವಲುಗಳನ್ನು ಎರಡೂ ಕಡೆಯಿಂದ ಬಗ್ಗಿಸಿ ಹೃದಯದ ಆಕಾರದಲ್ಲಿ ಕಟ್ಟಿರುತ್ತಾರೆ. ಈ ದಂಡೆಯ ಹೆಸರು ಗೋಲ್ಡ್‌ಟ್ರೋಪ್‌ಶೆನ್, ಚಿನ್ನದ ಹನಿ. ಎದುರು ದಂಡೆ ಸಪಾಟು ಬಯಲು.

ಎರಡೂ ದಂಡೆ ಒಂದೇ ಅಲ್ಲ ಎಂದು ತೆರಿಗೆಯವನಿಗೆ ಗೊತ್ತಿತ್ತು. 1971ರ ವೈನ್ ಕಾನೂನು ಅದನ್ನು ಮರೆತಿತು. ಗುಣ ಅಳೆಯಲು ಅದು ನೆಲವನ್ನು ಬಿಟ್ಟು ಸಕ್ಕರೆಯನ್ನು ಹಿಡಿಯಿತು. ಫೋರ್ಟ್ಸ್‌ಹೈಮ್‌ನ ಅಕ್ಕಸಾಲಿ ಫರ್ಡಿನಾಂಡ್ ಎಕ್ಸ್ಲೆ 19ನೇ ಶತಮಾನದಲ್ಲಿ ರೂಢಿಗೆ ತಂದ ಸಕ್ಕರೆಯ ಅಳತೆ ಅದಕ್ಕೆ ಆಧಾರ: ಒಂದು ಲೀಟರ್ ದ್ರಾಕ್ಷಿ ರಸ 1,083 ಗ್ರಾಂ ತೂಗಿದರೆ 83 ಎಕ್ಸ್ಲೆ. ಮೋಸೆಲ್ಲಿನ ರೀಸ್ಲಿಂಗ್ ದ್ರಾಕ್ಷಿಗೆ ‘ಔಸ್‌ಲೇಸೆ’ ಎಂಬ ಪಟ್ಟ ಸಿಗಲು ಅಷ್ಟಿದ್ದರೆ ಸಾಕು. ಬೆಟ್ಟದಲ್ಲಿ ಬೆಳೆದದ್ದೋ ಬಯಲಿನದೋ ಎಂದು ಕೇಳುವವರಿಲ್ಲ. ಬೇಗ ಹಣ್ಣಾಗಿ ಸಕ್ಕರೆ ತುಂಬಿಕೊಳ್ಳುವ ಹೊಸ ತಳಿಗಳು ಸಪಾಟು ನೆಲಕ್ಕೆ ಹರಡಿದವು.

ಅದಕ್ಕಿಂತ ನನ್ನನ್ನು ಕಾಡಿದ್ದು ಹೆಸರುಗಳ ಕಥೆ. ತೋಟವೊಂದಕ್ಕೆ ಕನಿಷ್ಠ 5 ಹೆಕ್ಟೇರ್ ಇರಬೇಕೆಂದು ಆ ಕಾನೂನು ವಿಧಿಸಿತು. 25,000ಕ್ಕೂ ಹೆಚ್ಚಿದ್ದ ತೋಟದ ಹೆಸರುಗಳು ಸುಮಾರು 2,600ಕ್ಕೆ ಇಳಿದವು. ಗೋಲ್ಡ್‌ಟ್ರೋಪ್‌ಶೆನ್‌ನ ಎಲ್ಲೆಯೂ ಹಿಗ್ಗಿತು. ಮೇಲಾಗಿ ಹಲವು ತೋಟಗಳನ್ನು ಕೂಡಿಸಿ ‘ಗ್ರೋಸ್‌ಲಾಗೆ’ ಎಂಬ ದೊಡ್ಡ ಕಟ್ಟುಗಳನ್ನು ಮಾಡಿದರು. ‘ಪೀಸ್‌ಪೋರ್ಟರ್ ಮಿಖೆಲ್ಸ್‌ಬರ್ಗ್’ ಎಂದು ಲೇಬಲ್ಲಿನಲ್ಲಿದ್ದರೆ ಆ ವೈನ್ ಸುತ್ತಲಿನ ಯಾವ ಊರಿನದೂ ಆಗಿರಬಹುದು, ಪೀಸ್‌ಪೋರ್ಟಿನ ಒಂದು ಹಣ್ಣೂ ಅದರಲ್ಲಿ ಇಲ್ಲದಿರಬಹುದು. ಸಾವಿರಾರು ಹೆಸರುಗಳಿಂದ ಕೊಳ್ಳುವವರಿಗೆ ಗೊಂದಲವಾಗುತ್ತಿತ್ತು, ಬಯಲಿನ ಬೆಳೆಗಾರನಿಗೂ ಬೆಲೆ ಸಿಗಬೇಕಿತ್ತು ಎಂಬುದು ನಿಜ. ಆದರೂ ಸಪಾಟು ನೆಲದ ರಸಕ್ಕೆ ಕಡಿದಾದ ಬೆಟ್ಟದ ಊರಿನ ಹೆಸರು ಹಚ್ಚುವುದು ನನ್ನ ಪ್ರಕಾರ ಸುಳ್ಳು ದಾಖಲೆ. ಸೊಂಟ ಬಗ್ಗಿಸಿ ಆ ಇಳಿಜಾರಿನಲ್ಲಿ ದುಡಿದವರಿಗೆ ಅದು ಅನ್ಯಾಯವೇ.

ಈಗ ಗಾಳಿ ತಿರುಗಿದೆ. 1910ರಷ್ಟು ಹಿಂದೆ ಶುರುವಾದ, ಹದ್ದಿನ ಗುರುತಿನ ಬೆಳೆಗಾರರ ಸಂಘ ವಿಡಿಪಿ 2012ರಲ್ಲಿ ತನ್ನ ತೋಟಗಳಿಗೆ ನಾಲ್ಕು ಮೆಟ್ಟಿಲು ಕಟ್ಟಿತು: ಕೆಳಗೆ ಒಡೆಯರ ಹೆಸರಿನ ವೈನ್, ಆಮೇಲೆ ಊರಿನದು, ಮೇಲಿನೆರಡು ತೋಟದ್ದು. ಆ ಕೆಲಸದಲ್ಲಿ ತೆರಿಗೆಯವರ ಹಳೆಯ ನಕ್ಷೆಗಳನ್ನೂ ಆಧಾರವಾಗಿ ನೋಡಿದರು. 2021ರಲ್ಲಿ ಸರ್ಕಾರವೂ ಕಾನೂನು ತಿದ್ದಿ, 13 ವೈನ್ ಸೀಮೆಗಳೊಳಗೆ ಜಾಗ ಚಿಕ್ಕದಾದಷ್ಟೂ ಭರವಸೆ ಹೆಚ್ಚು ಎಂಬ ನ್ಯಾಯಕ್ಕೆ ಬಂತು.

ಇಳಿದು ಬರುವಾಗ ದಾರಿಯಲ್ಲಿ ಸಿಕ್ಕ ಮುದುಕರೊಬ್ಬರು ಇಳಿಜಾರಿನ ಒಂದು ನೆಲದ ಪಟ್ಟಿಯನ್ನು ತೋರಿಸಿ, ಅಜ್ಜನ ಕಾಲದಲ್ಲಿ ಅದಕ್ಕೆ ಬೇರೆ ಹೆಸರಿತ್ತು ಎಂದರು. ಮಗಳು ಕನ್ನಡದಲ್ಲಿ ಹೇಳಿದಳು. ಆ ಹೆಸರು ಈಗ ಹೋಯಿತೇ ಎಂದು ಕೇಳಿಸಿದೆ. ಇಲ್ಲವಂತೆ. ಬಾಟಲಿಯ ಮೇಲಿಂದ ಅಳಿಸಿದ್ದರೂ ಭೂದಾಖಲೆಯ ಪುಸ್ತಕದಲ್ಲಿ ಅದು ಹಾಗೇ ಉಳಿದಿತ್ತು. ದಾಖಲೆಯಲ್ಲಿರುವ ಅಂಥ ತುಂಡುಗಳ ಹೆಸರನ್ನು ನೋಂದಾಯಿಸಿ ಲೇಬಲ್ಲಿಗೆ ಹಾಕಲು ಈಗ ಕಾನೂನಿನಲ್ಲೇ ದಾರಿಯಿದೆ. ಅವರ ಮಗ ಅರ್ಜಿ ಹಾಕಿದ್ದಾನೆ.