ಆರನೇ ತರಗತಿಯ ಮೂರನೇ ಭಾಷೆ: ಬೆಂಗಳೂರು ಗ್ರಾಮಾಂತರದಲ್ಲಿ ಪರಭಾಷಾ ಕಲಿಕೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ಪರಭಾಷೆಯ ಕಲಿಕೆ ಆಡಳಿತದ ಮತ್ತು ಉದ್ಯೋಗದ ಬೆನ್ನು ಹಿಡಿದು ಬಂದದ್ದು. ಮೊದಲು ಪಾರಸಿ, ಆಮೇಲೆ ಇಂಗ್ಲಿಷ್, ಸ್ವಾತಂತ್ರ್ಯಾನಂತರ ಹಿಂದಿ, ಈಚೆಗೆ ಖಾಸಗಿ ಶಾಲೆಗಳಲ್ಲಿ ಫ್ರೆಂಚ್ ಮತ್ತು ಜರ್ಮನ್ ಇಲ್ಲಿನ ಮಕ್ಕಳ ಪಾಠಪಟ್ಟಿಗೆ ಸೇರಿದವು. ಈ ತಾಲ್ಲೂಕುಗಳು ಬೆಂಗಳೂರು ಜಿಲ್ಲೆಯಿಂದ ಬೇರ್ಪಟ್ಟದ್ದು 1986ರಲ್ಲಿ. ಅಲ್ಲಿಯವರೆಗಿನ ಶಾಲಾ ಚರಿತ್ರೆ ಹಳೆಯ ಮೈಸೂರು ಸಂಸ್ಥಾನ ಮತ್ತು ಅವಿಭಜಿತ ಬೆಂಗಳೂರು ಜಿಲ್ಲೆಯ ಚರಿತ್ರೆಯ ಭಾಗವೇ ಆಗಿದೆ.

1687ರಲ್ಲಿ ಮೊಗಲರು ಸಿರಾ ಪ್ರಾಂತ್ಯವನ್ನು ರಚಿಸಿದಾಗ ದೊಡ್ಡಬಳ್ಳಾಪುರ ಮತ್ತು ಹೊಸಕೋಟೆ ಅದರ ಪರಗಣೆಗಳಾದವು. ಕಚೇರಿಯ ಮೇಲಿನ ಹಂತಗಳಲ್ಲಿ ಪಾರಸಿ ಬಳಕೆಯಲ್ಲಿತ್ತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅದರ ಸ್ಥಾನ ಇನ್ನಷ್ಟು ಗಟ್ಟಿಯಾಯಿತು. ಹಳ್ಳಿಯ ಲೆಕ್ಕಪತ್ರಗಳ ಕೆಲಸಕ್ಕೆ ಮಾತ್ರ ಕನ್ನಡ ಬೇಕೇ ಬೇಕಿತ್ತು. ಆ ಕಾಲದ ಕಲಿಕೆಗೆ ಏಕರೂಪದ ಪಠ್ಯಕ್ರಮವಿರಲಿಲ್ಲ. ಕೂಲಿಮಠಗಳಲ್ಲಿ ಅಯ್ಯಗಳು ಓದುಬರಹ, ಮಗ್ಗಿ, ಲೆಕ್ಕ ಹೇಳಿಕೊಡುತ್ತಿದ್ದರು. ಸಂಸ್ಕೃತದ ಕಲಿಕೆ ಪಾಠಶಾಲೆಗಳಲ್ಲೂ, ಅರಬ್ಬಿ ಮತ್ತು ಪಾರಸಿಯ ಕಲಿಕೆ ಮದರಸಾಗಳಲ್ಲೂ ನಡೆಯುತ್ತಿತ್ತು. ಯಾವ ಮಗು ಯಾವ ಭಾಷೆ ಕಲಿಯಬೇಕೆಂಬುದು ಮನೆತನದ ಕಸುಬು ಮತ್ತು ಮತವನ್ನು ಅವಲಂಬಿಸಿತ್ತು.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಸೇರಿದ ಮೇಲೆ ಇಂಗ್ಲಿಷಿಗೆ ಬೆಲೆ ಬಂತು. ಶಿಕ್ಷಣ ಕುರಿತ 1854ರ ವುಡ್ ನಿರೂಪವನ್ನು ಅನುಸರಿಸಿ ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. ಶಾಸನ ಸಂಪಾದಕರೆಂದು ಪ್ರಸಿದ್ಧರಾದ ಬಿ.ಎಲ್. ರೈಸ್ ಆ ಇಲಾಖೆಯ ಮುಖ್ಯಸ್ಥರಾಗಿಯೂ ಇದ್ದವರು. ಅವರು 1868ರಲ್ಲಿ ರೂಪಿಸಿದ ಯೋಜನೆಯ ಗುರಿ ಹೋಬಳಿಗೊಂದು ಶಾಲೆ. ಹೋಬಳಿ ಶಾಲೆಯಲ್ಲಿ ದೇಶಭಾಷೆಯದೇ ಪಾಠ. ಇಂಗ್ಲಿಷ್ ಬೇಕೆಂದವರು ದೊಡ್ಡ ಊರುಗಳ ಆಂಗ್ಲೋ ವರ್ನಾಕ್ಯುಲರ್ ಶಾಲೆಗಳಿಗೆ, ಅನಂತರ ಬೆಂಗಳೂರಿನ ಹೈಸ್ಕೂಲಿಗೆ ಹೋಗಬೇಕಾಗಿತ್ತು. ಹೀಗೆ ಮಿಡ್ಲ್ ಸ್ಕೂಲಿನ ಹಂತವೇ ಕವಲುದಾರಿಯಾಯಿತು. ಕನ್ನಡದಲ್ಲೇ ಲೋಯರ್ ಸೆಕೆಂಡರಿ ಮುಗಿಸಿದವರು ಶಾನುಭೋಗಿಕೆಗೋ ಮೇಷ್ಟರ ಕೆಲಸಕ್ಕೋ ಸಾಗಿದರೆ, ಇಂಗ್ಲಿಷ್ ಹಿಡಿದವರಿಗೆ ಕಾಲೇಜು ಮತ್ತು ಸರ್ಕಾರಿ ಹುದ್ದೆಗಳ ಹಾದಿ ತೆರೆಯಿತು.

ಸ್ವಾತಂತ್ರ್ಯಾನಂತರ ಪ್ರಶ್ನೆ ರಾಷ್ಟ್ರಮಟ್ಟಕ್ಕೆ ಏರಿತು. ಶಿಕ್ಷಣ ಕುರಿತ ಕೊಠಾರಿ ಆಯೋಗದ ಬಳಿಕ, 1968ರ ರಾಷ್ಟ್ರೀಯ ಶಿಕ್ಷಣ ನೀತಿ ತ್ರಿಭಾಷಾ ಸೂತ್ರವನ್ನು ಅಂಗೀಕರಿಸಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ, ಆರನೇ ತರಗತಿಯಿಂದ ಹಿಂದಿ ತೃತೀಯ ಭಾಷೆ ಎಂಬ ಕ್ರಮ ರೂಢಿಯಾಯಿತು. ಬಹುಕಾಲ ಐದನೇ ತರಗತಿಯಲ್ಲಿ ಶುರುವಾಗುತ್ತಿದ್ದ ಇಂಗ್ಲಿಷ್ 2007ರಿಂದ ಒಂದನೇ ತರಗತಿಗೇ ಬಂದಿತು. ಇದರಿಂದಾಗಿ ಹಿರಿಯ ಪ್ರಾಥಮಿಕ ಹಂತದಲ್ಲಿ ಹೊಸದಾಗಿ ಶುರುವಾಗುವ ಭಾಷೆ ತೃತೀಯ ಭಾಷೆಯೊಂದೇ ಆಗಿ ಉಳಿಯಿತು.

ಪ್ರಥಮ ಭಾಷೆಯ ಸ್ಥಾನದ ಬಗ್ಗೆಯೂ ದೊಡ್ಡ ವಿವಾದ ನಡೆಯಿತು. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆಯ್ದು ಕನ್ನಡವನ್ನು ಬಿಟ್ಟುಬಿಡಲು ಅವಕಾಶವಿದ್ದುದು ಅದರ ಮೂಲ. 1980ರಲ್ಲಿ ನೇಮಕವಾದ ವಿ.ಕೃ. ಗೋಕಾಕ್ ಸಮಿತಿ, ಪ್ರೌಢಶಾಲೆಯಲ್ಲಿ 150 ಅಂಕಗಳ ಏಕೈಕ ಪ್ರಥಮ ಭಾಷೆ ಕನ್ನಡವಾಗಬೇಕೆಂದು ಶಿಫಾರಸು ಮಾಡಿತು. ವರದಿಯ ಜಾರಿಗಾಗಿ ನಡೆದ ಚಳವಳಿಗೆ ಚಿತ್ರನಟ ಡಾ. ರಾಜ್‌ಕುಮಾರ್ ಧುಮುಕಿದ ಮೇಲೆ 1982ರಲ್ಲಿ ಸರ್ಕಾರ ಆದೇಶ ಹೊರಡಿಸಿತು. 1989ರಲ್ಲಿ ಹೈಕೋರ್ಟ್ ಅದನ್ನು ಒಪ್ಪದೆ ಹೋದಾಗ ಹೊಸ ಆದೇಶ ಬಂತು. 1993ರಲ್ಲಿ ಸುಪ್ರೀಂ ಕೋರ್ಟ್ ಈ ಹೊಸ ಆದೇಶವನ್ನು ಎತ್ತಿಹಿಡಿಯಿತು. ಪ್ರಥಮ ಭಾಷೆಗೆ 125, ಉಳಿದೆರಡಕ್ಕೆ ತಲಾ 100 ಅಂಕಗಳ ಎಸ್ಸೆಸ್ಸೆಲ್ಸಿ ವ್ಯವಸ್ಥೆ ಈ ಹಿನ್ನೆಲೆಯಲ್ಲಿ ನೆಲೆಗೊಂಡಿತು.

ರಾಜ್ಯ ಪಠ್ಯಕ್ರಮದ ತೃತೀಯ ಭಾಷೆಗಳ ಪಟ್ಟಿ ಚಿಕ್ಕದಲ್ಲ. ಹಿಂದಿ, ಕನ್ನಡ, ಇಂಗ್ಲಿಷ್, ಉರ್ದು, ಸಂಸ್ಕೃತ, ಕೊಂಕಣಿ, ತುಳುಗಳ ಜೊತೆಗೆ ಅರೇಬಿಕ್ ಮತ್ತು ಪರ್ಷಿಯನ್ ಕೂಡ ಅದರಲ್ಲಿವೆ. ಇಂಗ್ಲಿಷ್ ಬಿಟ್ಟರೆ ಸಾಗರದಾಚೆಯ ಭಾಷೆಗಳ ಪೈಕಿ ಈ ಎರಡು ಹಳೆಯ ಭಾಷೆಗಳಿಗೆ ಸ್ಥಾನವಿದೆ, ಫ್ರೆಂಚ್ ಮತ್ತು ಜರ್ಮನ್‌ಗೆ ಇಲ್ಲ. ಫ್ರೆಂಚ್ ಎದುರಾಗುವುದು ಪಿಯುಸಿಯಲ್ಲಿ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪಾಠ ನಡೆಯುವುದಿಲ್ಲ, ಅದಕ್ಕೆ ಶಿಕ್ಷಕರ ಹುದ್ದೆ ಮಂಜೂರಾಗಬೇಕು. ಸರ್ಕಾರಿ ಶಾಲೆಗಳಲ್ಲಿ ಹುದ್ದೆಗಳು ಹೆಚ್ಚಾಗಿ ಹಿಂದಿಗೇ ಇದ್ದುದರಿಂದ, ಹಳ್ಳಿಯ ಮಗುವಿನ ಆಯ್ಕೆ ಪ್ರಾಯೋಗಿಕವಾಗಿ ಒಂದೇ ಭಾಷೆಗೆ ಸೀಮಿತವಾಯಿತು.

ಐರೋಪ್ಯ ಭಾಷೆಗಳ ಕಲಿಕೆಗೆ ನೆಲೆಯಾದದ್ದು ಬೆಂಗಳೂರು ನಗರ. 1960ರಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನವೂ 1979ರಲ್ಲಿ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆಯೂ ಅಲ್ಲಿ ಆರಂಭವಾದವು. ಸುತ್ತಲ ತಾಲ್ಲೂಕುಗಳಿಗೆ ವಿದೇಶಿ ಸಂಪರ್ಕ ಬಂದದ್ದು ಕೈಗಾರಿಕೆಯ ಮೂಲಕ. 1998ರಲ್ಲಿ ಸ್ವೀಡನ್ನಿನ ವೋಲ್ವೊ ಹೊಸಕೋಟೆಯಲ್ಲಿ ಟ್ರಕ್ ತಯಾರಿಸತೊಡಗಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಜನವಸತಿ ಬೆಳೆದಂತೆ ಸಿಬಿಎಸ್‌ಇ ಮತ್ತು ಐಸಿಎಸ್‌ಇ ಶಾಲೆಗಳು ಹೆಚ್ಚಿದವು. ಈ ಎರಡೂ ಮಂಡಳಿಗಳ ಪಠ್ಯಕ್ರಮದಲ್ಲಿ ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳಿಗೆ ಅವಕಾಶವಿದೆ. 11ರಿಂದ 16 ವಯಸ್ಸಿನವರಿಗೆಂದು ರೂಪಿಸಿದ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಕಾರ್ಯಕ್ರಮದಲ್ಲಂತೂ ಎರಡನೆಯ ಭಾಷೆಯ ಕಲಿಕೆ ಕಡ್ಡಾಯ. ಇವೆಲ್ಲ ಶುಲ್ಕ ಕಟ್ಟಬಲ್ಲ ಮನೆಗಳ ಆಯ್ಕೆಗಳು.

ವಿದೇಶಿ ಭಾಷೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ತಂದ ದೊಡ್ಡ ಪ್ರಯತ್ನ ಕೇಂದ್ರೀಯ ವಿದ್ಯಾಲಯಗಳದು. 2011ರಲ್ಲಿ ಜರ್ಮನಿಯ ಗೋಥೆ ಸಂಸ್ಥೆಯೊಡನೆ ಒಪ್ಪಂದವಾಗಿ ದೇಶದ ಅನೇಕ ಕೇಂದ್ರೀಯ ವಿದ್ಯಾಲಯಗಳಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಸಂಸ್ಕೃತದ ಬದಲು ಜರ್ಮನ್ ಕಲಿಯುವ ಅವಕಾಶ ದೊರೆಯಿತು. ತ್ರಿಭಾಷಾ ಸೂತ್ರಕ್ಕೆ ಇದು ಹೊಂದುವುದಿಲ್ಲವೆಂದು 2014ರಲ್ಲಿ, ಶಾಲಾ ವರ್ಷದ ನಡುವೆಯೇ, ಅದನ್ನು ಕೈಬಿಡಲಾಯಿತು.

ಮುಂದಿನ ಕಾನೂನು ಮತ್ತು ನೀತಿಗಳು ವಿದೇಶಿ ಭಾಷೆಯ ಜಾಗವನ್ನು ಇನ್ನಷ್ಟು ಇಕ್ಕಟ್ಟಾಗಿಸಿವೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಂತೆ ಯಾವುದೇ ಮಂಡಳಿಯ ಶಾಲೆಯಾದರೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಇಂಗ್ಲಿಷ್ ಪ್ರಥಮ ಭಾಷೆಯಾಗಿರುವ ಕಡೆ ಫ್ರೆಂಚಿಗೂ ಜರ್ಮನ್‌ಗೂ ಉಳಿಯುವುದು ತೃತೀಯ ಸ್ಥಾನ ಮಾತ್ರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೊರಿಯನ್, ಜಪಾನಿ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮುಂತಾದವನ್ನು ಪ್ರೌಢ ಹಂತದ ಆಯ್ಕೆಗಳಾಗಿ ಹೆಸರಿಸಿತು, ಜೊತೆಗೆ ಮೂರರಲ್ಲಿ ಎರಡು ಭಾಷೆಗಳು ಭಾರತೀಯವಾಗಿರಬೇಕೆಂದಿತು. ಇಂಗ್ಲಿಷನ್ನು ವಿದೇಶಿ ಭಾಷೆಯೆಂದು ಎಣಿಸಿದರೆ ಮತ್ತೊಂದಕ್ಕೆ ತಾವಿಲ್ಲ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ದ್ವಿಭಾಷಾ ನೀತಿಯನ್ನೇ ಶಿಫಾರಸು ಮಾಡಿತು. ಅದು ಜಾರಿಯಾದರೆ ಕಡ್ಡಾಯ ತೃತೀಯ ಭಾಷೆ ಹೋಗಿ, ಹಿಂದಿಯಾಗಲಿ ಫ್ರೆಂಚ್ ಆಗಲಿ ಐಚ್ಛಿಕ ಕಲಿಕೆಗೆ ಸೇರಬೇಕಾಗುತ್ತದೆ.