ಯಾವ ಏರ್‌ಪೋರ್ಟ್ ಜಾಸ್ತಿ ಬ್ಯುಸಿ? ಅಪ್ಪನ ಲೆಕ್ಕ, ನನ್ನ ಲೆಕ್ಕ

ಅಮೆರಿಕದಿಂದ ದುಬೈ ಮೇಲೆ ಬರುತ್ತಿದ್ದ ಅಕ್ಕನನ್ನು ಕರೆದುಕೊಂಡು ಹೋಗಲು ಅಪ್ಪ ಜಗಳೂರಿನಿಂದ ಬಸ್ಸು ಹತ್ತಿ ಬಂದಿದ್ದರು. ಬೆಳಗಿನ ಜಾವ ದೇವನಹಳ್ಳಿಯಲ್ಲಿ ನಿಂತು ಜನರನ್ನು ನೋಡುತ್ತಾ ಕೇಳಿದರು, "ಪ್ರಪಂಚದಾಗೆ ಇದಕ್ಕಿಂತ ರಶ್ ಇರೋದು ಐತೇನೋ?"

ಸರಿ, ಸಾಫ್ಟ್‌ವೇರ್ ಇಂಜಿನಿಯರ್ ಮಗ ಮೊಬೈಲ್ ತೆಗೆದೆ :-)

ಉತ್ತರ ಅಷ್ಟು ಸುಲಭವಿಲ್ಲ. ಪ್ರಯಾಣಿಕರನ್ನು ಎಣಿಸಿದರೆ ಅಮೆರಿಕದ ಅಟ್ಲಾಂಟಾ ಮೊದಲು. 2024ರಲ್ಲಿ ಸುಮಾರು 10.8 ಕೋಟಿ. 1998ರಲ್ಲಿ ಶಿಕಾಗೋದ ಓಹೇರ್ ಅನ್ನು ಹಿಂದೆ ಹಾಕಿದ ಮೇಲೆ ಆ ಪಟ್ಟ ಕೈತಪ್ಪಿದ್ದು ಒಂದೇ ವರ್ಷ, ಕೋವಿಡ್‌ನ 2020ರಲ್ಲಿ, ಚೀನಾದ ಗ್ವಾಂಗ್‌ಝೌಗೆ. ವಿದೇಶ ಪ್ರಯಾಣಿಕರು ಮಾತ್ರ ಅಂದರೆ ದುಬೈ. 2014ರಲ್ಲಿ ಲಂಡನ್ನಿನ ಹೀಥ್ರೂವನ್ನು ದಾಟಿತು. ಸರಕಿನ ತೂಕ ನೋಡಿದರೆ 2024ರಲ್ಲಿ ಹಾಂಗ್‌ಕಾಂಗ್.

ಇದರಲ್ಲೊಂದು ತಮಾಷೆ ಇದೆ. ಒಂದು ವಿಮಾನ ಇಳಿದು ಇನ್ನೊಂದು ಹತ್ತುವವರು ಅಲ್ಲಿ ಎರಡು ಸಲ ಎಣಿಕೆಯಾಗುತ್ತಾರೆ. ಬಂದದ್ದು ಒಂದು, ಹೋದದ್ದು ಒಂದು. ಅಟ್ಲಾಂಟಾ, ದುಬೈಗಳು ಹೀಗೆ ವಿಮಾನ ಬದಲಿಸುವ ಊರುಗಳು. ಅವುಗಳ ಸಂಖ್ಯೆ ಅಷ್ಟು ದೊಡ್ಡದಾಗಲು ಇದೂ ಒಂದು ಕಾರಣ.

ನಮ್ಮ ಬೆಂಗಳೂರಿನ ಕಥೆ ಬೇರೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಸಹಾಯದಿಂದ ವಿಮಾನ ಕಾರ್ಖಾನೆ ಶುರುಮಾಡಿದರು. ಮುಂದೆ ಅದೇ ಎಚ್‌ಎಎಲ್ ಆಯಿತು. ಊರಿನ ಪ್ರಯಾಣಿಕರಿಗೂ ಆ ಕಾರ್ಖಾನೆಯ ಒಂದೇ ರನ್‌ವೇ! ಕೊನೆಕೊನೆಗೆ ವರ್ಷಕ್ಕೆ ಸುಮಾರು ಒಂದು ಕೋಟಿ ಜನ ಅಲ್ಲಿಂದಲೇ ಓಡಾಡಿದರು. 2008ರ ಮೇ 24ಕ್ಕೆ ದೇವನಹಳ್ಳಿಯ ನಿಲ್ದಾಣ ಶುರುವಾಯಿತು, 2013ರಲ್ಲಿ ಕೆಂಪೇಗೌಡರ ಹೆಸರು ಬಂತು, 2019ರಲ್ಲಿ ಎರಡನೇ ರನ್‌ವೇ. 2024-25ರಲ್ಲಿ ಪ್ರಯಾಣಿಕರು 4 ಕೋಟಿ ದಾಟಿದರು.

ಅಂದ ಹಾಗೆ, ಆ ಹಳೇ ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. 2007, ಆಗ ನಾನು ನಾಲ್ಕನೇ ಕ್ಲಾಸು. ವಿದೇಶಕ್ಕೆ ಹೊರಟ ಚಿಕ್ಕಪ್ಪನನ್ನು ಕಳಿಸಲು ಬಾಡಿಗೆ ಗಾಡಿಯಲ್ಲಿ ಊರಿಂದ ಹನ್ನೊಂದು ಜನ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಚಿಕ್ಕಪ್ಪ ಬಾಗಿಲ ಒಳಗೆ ಹೋದಮೇಲೂ ಅಜ್ಜಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಅಜ್ಜಿ ಮಗನನ್ನು ನೋಡಿದ್ದು ಅದೇ ಕೊನೆ... ಆ ದಿನದ ಲೆಕ್ಕದಲ್ಲಿ ನಮ್ಮ ಮನೆಯಿಂದ ಪ್ರಯಾಣಿಕರು: ಒಬ್ಬರು.

ಇದನ್ನೆಲ್ಲಾ ಹೇಳಿದೆ. ಅಕ್ಕ ದುಬೈನಲ್ಲಿ ಎರಡು, ಇಲ್ಲಿ ಒಂದು. ಅಪ್ಪ ಸ್ವಲ್ಪ ಯೋಚಿಸಿ, "ಹಂಗಾದ್ರೆ ನಾನು ಲೆಕ್ಕಕ್ಕೇ ಇಲ್ಲ ಅನ್ನು" ಅಂದರು. ಅಷ್ಟರಲ್ಲಿ ಅಕ್ಕ ಟ್ರಾಲಿ ತಳ್ಳಿಕೊಂಡು ಬಂದಳು. ಇಡೀ ಗುಂಪಿನಲ್ಲಿ ಅವಳು ಮೊದಲು ಹುಡುಕಿದ್ದು ಅಪ್ಪನ ಮುಖವನ್ನೇ.