‘ಹಕ್ಕು’ ನಡೆದು ಬಂದ ದಾರಿ

ಕೆಲವು ಪದಗಳು ಎಷ್ಟು ಒಳಗಿನವಾಗಿಬಿಟ್ಟಿರುತ್ತವೆ ಎಂದರೆ ಅವು ಎಲ್ಲಿಂದಲೋ ಬಂದಿರಬಹುದು ಎಂಬ ಅನುಮಾನವೇ ನಮಗೆ ಹುಟ್ಟುವುದಿಲ್ಲ. ‘ಹಕ್ಕು’ ಅಂಥದ್ದು. ‘ಈ ಮನೇಲಿ ನನಗೇನೂ ಹಕ್ಕಿಲ್ವಾ?’ ಎಂದು ಸೊಸೆ ಕೇಳುತ್ತಾಳೆ. ‘ಅವನನ್ನ ಬಯ್ಯೋ ಹಕ್ಕು ನನಗಿದೆ, ಎತ್ತಿ ಆಡಿಸಿದವಳು ನಾನು’ ಎಂದು ಸೋದರತ್ತೆ ಜೋರು ಮಾಡುತ್ತಾಳೆ. ಗೆಳೆಯನ ಹತ್ತಿರ ದುಡ್ಡು ಬೇಡಲು ಸಂಕೋಚ. ಆದರೆ ‘ಹಕ್ಕಿನಿಂದ ಕೇಳಿದೆ’ ಎಂದರೆ ಸಂಕೋಚವಿಲ್ಲ. ಬೇಡುವುದಕ್ಕೂ ಕೇಳುವುದಕ್ಕೂ ನಡುವೆ ಇರುವ ಅಂತರವನ್ನು ಕನ್ನಡಿಗರು ಈ ಎರಡಕ್ಷರದಲ್ಲಿ ಹೇಳುತ್ತಾರೆ. ಬೇಡುವವನ ತಲೆ ತಗ್ಗಿರುತ್ತದೆ, ಹಕ್ಕಿನಿಂದ ಕೇಳುವವನ ತಲೆ ನೆಟ್ಟಗಿರುತ್ತದೆ.

ಪದದ ತವರು ಅರಬ್ಬಿ. ಅಲ್ಲಿ ‘ಹಕ್’ ಎಂದರೆ ಸತ್ಯ, ನಿಜವಾಗಿ ಇರುವುದು, ನ್ಯಾಯವಾಗಿ ಸಲ್ಲಬೇಕಾದದ್ದು. ‘ಅಲ್-ಹಕ್’ ಎಂಬುದು ದೇವರ ಹೆಸರುಗಳಲ್ಲೊಂದು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್-ಹಲ್ಲಾಜನ ಹೆಸರಿಗೆ ಅಂಟಿಕೊಂಡು ಬಂದಿರುವ ಮಾತು ‘ಅನಲ್ ಹಕ್’, ಅಂದರೆ ನಾನೇ ಸತ್ಯ. ಅರಬ್ಬಿಯ ಸೋದರ ಭಾಷೆಯಾದ ಹೀಬ್ರೂವಿನಲ್ಲಿ ಇದೇ ಧಾತುವಿಗೆ ಕೊರೆ, ಕೆತ್ತು ಎಂಬ ಅರ್ಥವಿದೆ. ಅದರಿಂದ ಹುಟ್ಟಿದ ನಾಮಪದಕ್ಕೆ ಕಟ್ಟಳೆ ಎಂಬ ಅರ್ಥ. ಇದನ್ನು ಮೊದಲ ಸಲ ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ‘ಶಾಸನ’. ಹಲ್ಮಿಡಿಯ ಕಲ್ಲೂ ಶಾಸನವೇ, ವಿಧಾನಸೌಧದಲ್ಲಿ ಮಂಜೂರಾಗುವುದೂ ಶಾಸನವೇ. ಪದಗಳ ಹುಟ್ಟು ಬೇರೆಯಾದರೂ, ಕಲ್ಲಲ್ಲಿ ಕೊರೆದದ್ದೂ ಕಟ್ಟಳೆಯೂ ಎರಡು ದೂರದ ನಾಡುಗಳಲ್ಲಿ ಹೀಗೆ ಒಂದೇ ಪದದ ಸುತ್ತ ಸೇರಿವೆ.

ಅರಬ್ಬಿಯಿಂದ ಪಾರ್ಸಿಗೆ, ಪಾರ್ಸಿಯಿಂದ ದಖ್ಖನಿನ ದಫ್ತರಗಳಿಗೆ ಪದ ಇಳಿಯಿತು. 1347ರಲ್ಲಿ ಬಹಮನಿ ರಾಜ್ಯ ಕಟ್ಟಿಕೊಂಡ ಮೇಲೆ ಕಲಬುರಗಿ, ಬೀದರ, ಆಮೇಲೆ ವಿಜಯಪುರ ಹೀಗೆ ಆಡಳಿತದ ಪಾರ್ಸಿ ಪದಗಳು ಕನ್ನಡ ಮತ್ತು ಮರಾಠಿಯ ಲೆಕ್ಕದ ಪುಸ್ತಕಗಳನ್ನು ಹೊಕ್ಕವು. ಜಮೀನು, ಜಾಮೀನು, ಅರ್ಜಿ, ದಾಖಲೆ, ವಸೂಲಿ ಎಲ್ಲವೂ ಆ ದಾರಿಯಲ್ಲೇ ಬಂದವು. ಕೋರ್ಟಿನ ಬರವಣಿಗೆಯಲ್ಲಿ ಇಂದಿಗೂ ಕಾಣುವ ‘ಹಕೀಕತ್ತು’ ನಮ್ಮ ಹಕ್ಕಿನ ಒಡಹುಟ್ಟು.

‘ಹಕ್ಕು’ ನೆಲೆಯೂರುವ ಮೊದಲು ಕನ್ನಡ ಈ ಭಾವನೆಯನ್ನು ಹೇಗೆ ಹೇಳುತ್ತಿತ್ತು? ವಿಜಯನಗರ ಕಾಲದ ದಾನಶಾಸನಗಳಲ್ಲಿ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಬಗೆಯ ಒಡೆತನ ಅದು. ನೆಲದಡಿಯ ಹೊನ್ನಿನಿಂದ ಹಿಡಿದು ಮುಂದೆ ಬರಲಿರುವ ಆದಾಯದವರೆಗೆ ಎಲ್ಲವನ್ನೂ ಹೆಸರಿಟ್ಟು ಹೇಳುವ ಆ ಎಚ್ಚರ ಮೆಚ್ಚತಕ್ಕದ್ದು. ಆದರೆ ಅದು ಅರಸ ಧಾರೆ ಎರೆದು ಕೊಟ್ಟದ್ದು, ಪಡೆದವನ ಮನೆತನಕ್ಕೆ ಮಾತ್ರ ಸೇರಿದ್ದು. ಎಲ್ಲರಿಗೂ ಅನ್ವಯಿಸುವ ಅಚ್ಚಗನ್ನಡದ ಮಾತು ಇನ್ನೊಂದಿತ್ತು: ‘ಸಲ್ಲು’. ‘ನನಗೆ ಸಲ್ಲಬೇಕಾದದ್ದು’ ಎಂದಾಗ ಅರಬ್ಬಿಯ ಹಕ್ಕಿನ ಅರ್ಥ ಬಹುಮಟ್ಟಿಗೆ ಬಂದೇಬಿಡುತ್ತದೆ. ಆ ಕ್ರಿಯಾಪದ ಹೆಸರಾಗಿ ಬೆಳೆಯಲಿಲ್ಲ; ಆ ಜಾಗವನ್ನು ‘ಹಕ್ಕು’ ತುಂಬಿತು.

ತುಂಬಿದ ಮೊದಲಲ್ಲಿ ಅದು ಬಡವರ ಪದವಾಗಿರಲಿಲ್ಲ. ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ ಮನೆತನಗಳು ಕಂದಾಯದಲ್ಲಿ, ಬೆಳೆಯಲ್ಲಿ ವಂಶಪಾರಂಪರ್ಯವಾಗಿ ಪಡೆಯುತ್ತಿದ್ದ ಪಾಲಿಗೆ ‘ಹಕ್ಕು’ ಎನ್ನುತ್ತಿದ್ದರು, ಪಡೆಯುವವನು ‘ಹಕ್ಕುದಾರ’. ರೈತ ಕೊಡುವವನು, ಹಕ್ಕುದಾರ ಇಸಿದುಕೊಳ್ಳುವವನು. ಹೀಗೆ ವಾಡೆಯೊಳಗಿದ್ದ ಪದ ಹೊಲದ ಬದುವಿಗೆ ಬಂದು ನಿಲ್ಲಲು ನೂರಾರು ವರ್ಷ ಹಿಡಿಯಿತು. ಮುಂಬಯಿ ಪ್ರಾಂತ್ಯದಲ್ಲಿ 1903ರ ಕಾಯ್ದೆ ‘ಹಕ್ಕು ದಾಖಲೆ’ಯನ್ನು ತಂದಾಗ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಯಾವ ನೆಲದಲ್ಲಿ ಯಾರಿಗೆ ಏನು ಸಲ್ಲುತ್ತದೆ ಎಂಬುದು ಕಾಗದಕ್ಕೆ ಇಳಿಯಿತು. ಇವತ್ತು ಪಹಣಿಗೆ ‘ಆರ್‌ಟಿಸಿ’ ಎನ್ನುತ್ತೇವಲ್ಲ, ಅದರ ಮೊದಲ ಅಕ್ಷರ ಈ ಹಕ್ಕಿನದೇ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಕೊಳಗ ದೊಡ್ಡದಾದರೆ ಗೇಣಿದಾರನ ಅನ್ನ ಕಡಿಮೆಯಾಗುತ್ತದೆ. ಇಷ್ಟು ಸರಳವಾದ ಲೆಕ್ಕದಿಂದ ‘ಉಳುವವನೇ ಹೊಲದೊಡೆಯ’ ಎಂಬ ಕೂಗು ನಾಡಿನ ರಾಜಕಾರಣದ ನಡುಮನೆಗೆ ಬಂತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಭೂನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಸಾಲುಗಟ್ಟಿ ನಿಂತರು. ಒಕ್ಕಲಿನ ಮಗನ ಬಾಯಲ್ಲಿ ‘ನನ್ನ ಹಕ್ಕು’ ಎಂಬ ಮಾತು ಕಚೇರಿಯ ಒಳಗೇ ಕೇಳಿಬಂದ ಕಾಲ ಅದು.

ಇನ್ನೊಂದು ಪದವನ್ನು ಇಲ್ಲಿ ಪಕ್ಕಕ್ಕೆ ತಂದು ನಿಲ್ಲಿಸಬೇಕು: ‘ಅಧಿಕಾರ’. ಹಿಂದಿಯಲ್ಲಿ ಸಂವಿಧಾನದ ಮೂಲಭೂತ ಹಕ್ಕುಗಳು ‘ಮೂಲ ಅಧಿಕಾರ್’, ಮಾನವ ಹಕ್ಕು ‘ಮಾನವ್ ಅಧಿಕಾರ್’. ಬಂಗಾಳಿಯಲ್ಲೂ ‘ಅಧಿಕಾರ್’. ಕನ್ನಡದಲ್ಲಿ ಅಧಿಕಾರ ಎಂದರೆ ಆಳುವವರ ಕೈಯಲ್ಲಿರುವ ಬಲ. ಅಧಿಕಾರಿ, ಅಧಿಕಾರಾರೂಢ, ಅಧಿಕಾರದ ಅಮಲು ಎಲ್ಲವೂ ಅತ್ತ ಕಡೆಯವು. ಸಂಸ್ಕೃತದ ಮೀಮಾಂಸೆಯಲ್ಲಿ ‘ಅಧಿಕಾರ’ಕ್ಕೆ ಒಂದು ಕರ್ಮವನ್ನು ಮಾಡಲು ಬೇಕಾದ ಯೋಗ್ಯತೆ ಎಂಬ ಅರ್ಥ. ಯಾರಿಗೆ ಅಧಿಕಾರವಿದೆ ಎಂಬ ಚರ್ಚೆ ಅಲ್ಲಿ ಯಾರಿಗೆ ಇಲ್ಲ ಎಂಬಲ್ಲಿಗೆ ಹೋಗಿ ಮುಟ್ಟುತ್ತಿತ್ತು, ಶೂದ್ರರಿಗೆ ವೇದಾಧಿಕಾರವಿಲ್ಲ ಎಂಬ ತೀರ್ಮಾನವೂ ಆ ಪದದ ಮೇಲೇ ನಿಂತಿತ್ತು. ತೆಲುಗಿನಲ್ಲಿ ‘ಹಕ್ಕು’, ಮರಾಠಿಯಲ್ಲಿ ‘ಹಕ್ಕ’, ತಮಿಳಿನಲ್ಲಿ ‘ಉರಿಮೈ’, ಮಲಯಾಳದಲ್ಲಿ ‘ಅವಕಾಶಂ’. ನಾವೂ ತೆಲುಗರೂ ಮರಾಠಿಗರೂ ಆಳುವವರದ್ದಕ್ಕೆ ಒಂದು ಪದ, ಆಳಿಸಿಕೊಳ್ಳುವವರದ್ದಕ್ಕೆ ಇನ್ನೊಂದು ಪದ ಇಟ್ಟುಕೊಂಡಿದ್ದೇವೆ. ಇದು ಯಾರೋ ಕುಳಿತು ಯೋಜಿಸಿದ ವಿಂಗಡಣೆಯೇನೂ ಅಲ್ಲ. ಆದರೂ ಇದನ್ನು ನಾನು ಕನ್ನಡದ ಭಾಗ್ಯವೆಂದೇ ಎಣಿಸುತ್ತೇನೆ. ಹಕ್ಕು ಮತ್ತು ಅಧಿಕಾರ ಎದುರುಬದುರು ನಿಂತಾಗ ಯಾವುದು ಯಾವುದೆಂದು ಕನ್ನಡದ ಮಗುವಿಗೂ ಗೊತ್ತಾಗುತ್ತದೆ.

ಅವೆರಡೂ ಎದುರುಬದುರು ನಿಂತ ವರ್ಷ 1975. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಅವರನ್ನು ಮರುದಿನ ಇಲ್ಲೇ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಕಳಿಸಿದರು. ಜೂನ್ 27ರ ರಾಷ್ಟ್ರಪತಿ ಆದೇಶ, ಸಂವಿಧಾನದ 14, 21 ಮತ್ತು 22ನೇ ವಿಧಿಗಳ ಹಕ್ಕುಗಳಿಗಾಗಿ ಯಾರೂ ಕೋರ್ಟಿನ ಕಟ್ಟೆ ಹತ್ತುವಂತಿಲ್ಲ ಎಂದಿತು. 21ನೆಯದು ಜೀವದ ಹಕ್ಕು. ದೇಶದಲ್ಲಿ ಬಂಧನಕ್ಕೊಳಗಾದವರ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಸೆಂಟ್ರಲ್ ಜೈಲಿನ ಗೋಡೆಯ ಈಚೆ, ಇದೇ ರಾಜ್ಯದ ಭೂನ್ಯಾಯಮಂಡಳಿಗಳಲ್ಲಿ ಗೇಣಿದಾರರ ಹೆಸರಿಗೆ ಹಕ್ಕು ಬರೆಯುವ ಕೆಲಸ ನಡೆದೇ ಇತ್ತು. ನೆಲದ ಹಕ್ಕು ಸಿಕ್ಕಿದ್ದೂ ನಿಜ, ಅದನ್ನು ಕೊಡಿಸಿದವರ ಆಳ್ವಿಕೆಯಲ್ಲೇ ಜೀವದ ಹಕ್ಕು ಅಮಾನತಾದದ್ದೂ ನಿಜ. ಒಂದನ್ನು ನೆನೆಯುವವರು ಇನ್ನೊಂದನ್ನು ಮರೆಸುತ್ತಾರೆ. ಎರಡನ್ನೂ ಒಟ್ಟಿಗೆ ಹೇಳದ ಚರಿತ್ರೆಯನ್ನು ನಾನು ಒಪ್ಪಲಾರೆ.

‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ 2ರಂದು ಬಂಧಿಸಲಾಯಿತು. ಅವರಿಗೆ ಉಬ್ಬಸದ ಕಾಯಿಲೆ. ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳು ಕಳೆದು, ಆರೋಗ್ಯ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದು ದಿನದಲ್ಲಿ ತೀರಿಕೊಂಡರು. ‘ಜೀವದ ಹಕ್ಕು ಅಮಾನತು’ ಎಂಬ ಕಚೇರಿಯ ನುಡಿಗಟ್ಟನ್ನು ಓದುವಾಗಲೆಲ್ಲ ನನಗೆ ಉಸಿರಿಗಾಗಿ ಒದ್ದಾಡಿದ ಆ ಹೆಣ್ಣುಮಗಳು ನೆನಪಾಗುತ್ತಾರೆ.

ಬಂಧಿತರನ್ನು ಕೋರ್ಟಿನ ಮುಂದೆ ತರಬೇಕೆಂಬ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಿಸಿಕೊಳ್ಳಲು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಒಪ್ಪಿದ್ದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. ಅದು ಎಡಿಎಂ ಜಬಲ್ಪುರ ಪ್ರಕರಣ. ಪೊಲೀಸನೊಬ್ಬ ಹಗೆಯಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಇಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ ಮತ್ತು ಸ್ವಾತಂತ್ರ್ಯ 21ನೇ ವಿಧಿಯಿಂದ ಹುಟ್ಟಿದ್ದಲ್ಲ, ಆ ವಿಧಿ ಇಲ್ಲದಿದ್ದರೂ ಕಾನೂನಿನ ಬಲವಿಲ್ಲದೆ ಯಾರ ಜೀವವನ್ನೂ ಸರ್ಕಾರ ಕಸಿಯುವಂತಿಲ್ಲ ಎಂಬುದು ಅವರ ನಿಲುವಿನ ಸಾರ. ಮರುವರ್ಷದ ಜನವರಿಯಲ್ಲಿ ಅವರ ಸೇವಾಹಿರಿತನವನ್ನು ಬದಿಗಿಟ್ಟು ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಖನ್ನಾ ಅವರ ನಿಲುವು ನಮ್ಮ ವ್ಯಾಕರಣದೊಳಗೇ ಇದೆ. ಕನ್ನಡದಲ್ಲಿ ಹಕ್ಕಿಗೆ ಸಹಜವಾಗಿ ಹೊಂದುವ ಕ್ರಿಯಾಪದ ‘ಇದೆ’. ‘ನನಗೆ ಹಕ್ಕಿದೆ’ ಎನ್ನುತ್ತೇವೆ, ‘ನನಗೆ ಹಸಿವಿದೆ’ ಎಂದ ಹಾಗೆ. ಕೊಟ್ಟವರ ಹೆಸರು ಆ ವಾಕ್ಯದಲ್ಲಿ ಬೇಕಾಗುವುದಿಲ್ಲ. ಈಚೆಗೆ ಸಮಾರಂಭಗಳ ಬ್ಯಾನರುಗಳಲ್ಲಿ ‘ಹಕ್ಕುಪತ್ರ ವಿತರಣೆ’ ಎಂದು ಬರೆದು, ಹಂಚುವವರ ಭಾವಚಿತ್ರವನ್ನು ಆಳೆತ್ತರ ಹಾಕುತ್ತಾರೆ. ವಿತರಣೆಯಾಗುವುದು ಪತ್ರ. ಪತ್ರ ಪಡೆಯುವವಳಿಗೆ ಹಕ್ಕು ಸಭೆಗೆ ಬರುವ ಮೊದಲೇ ಇತ್ತು.

ತುರ್ತು ಪರಿಸ್ಥಿತಿ ಈ ಪದಕ್ಕೆ ಒಂದು ಜೋಡಿಯನ್ನೂ ಕಟ್ಟಿತು. ಶಾಲೆಯ ಪುಸ್ತಕದಲ್ಲಿ ‘ಮೂಲಭೂತ ಹಕ್ಕುಗಳು ಮತ್ತು ಕರ್ತವ್ಯಗಳು’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಓದುತ್ತೇವೆ. 1950ರ ಸಂವಿಧಾನದಲ್ಲಿ ಮೂಲಭೂತ ಕರ್ತವ್ಯಗಳ ಭಾಗವೇ ಇರಲಿಲ್ಲ. 1976ರ 42ನೇ ತಿದ್ದುಪಡಿಯಲ್ಲಿ, ವಿರೋಧಿಗಳು ಜೈಲಿನಲ್ಲಿದ್ದಾಗ, ಅದು ಸೇರಿತು. ಅಲ್ಲಿರುವ ಕರ್ತವ್ಯಗಳು ಒಳ್ಳೆಯವೇ. ಆದರೆ ಮಕ್ಕಳಿಗೆ ಆ ಪಾಠ ಹೇಳುವ ಮೇಷ್ಟ್ರುಗಳು ದಯವಿಟ್ಟು ಆ ಇಸವಿಯನ್ನೂ ಹೇಳಿಕೊಡಬೇಕು.

ಪದ ತನ್ನ ಹಳೆಯ ವಾಡೆಯನ್ನು ಪೂರ್ತಿ ಬಿಟ್ಟುಬಂದಿಲ್ಲ ಎಂಬುದಕ್ಕೆ ‘ಹಕ್ಕುಚ್ಯುತಿ’ ಸಾಕ್ಷಿ. ಶಾಸಕರ ವಿಶೇಷ ಹಕ್ಕಿಗೆ ಚ್ಯುತಿ ಬಂತೆಂದು 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು ಮತ್ತು 10,000 ರೂಪಾಯಿ ದಂಡ ವಿಧಿಸಿತು. ಅವರು ಬರೆದದ್ದು ತಪ್ಪಿದ್ದರೆ ಅದಕ್ಕೆ ಕೋರ್ಟುಗಳಿವೆ. ದೂರು ಕೊಟ್ಟವರ ಸದನವೇ ನ್ಯಾಯಪೀಠವಾಗುವುದು ಜನತಂತ್ರದ ನಡೆಯಲ್ಲ. ಅಲ್ಲಿ ‘ಹಕ್ಕು’ ಎಂದು ಕರೆದದ್ದು ಅಧಿಕಾರವನ್ನೇ. ಇದಕ್ಕೆ ಎದುರಾಗಿ ಬೀದಿ ಕಟ್ಟಿದ ಪದವೂ ಇದೆ: ‘ಹಕ್ಕೊತ್ತಾಯ’. ಅರಬ್ಬಿಯ ಹಕ್ಕಿಗೆ ಕನ್ನಡದ ಒತ್ತಾಯವನ್ನು ಬೆಸೆದ ಈ ಮಾತನ್ನು ಅಂಗನವಾಡಿ ಕಾರ್ಯಕರ್ತೆಯರ, ಪೌರಕಾರ್ಮಿಕರ, ರೈತರ ಮೆರವಣಿಗೆಗಳ ಬ್ಯಾನರಿನಲ್ಲಿ ಓದಿದಾಗ, ಪದವೊಂದು ತನ್ನ ನಿಜವಾದ ಮನೆ ಸೇರಿತು ಅನ್ನಿಸುತ್ತದೆ.

ಜಬಲ್ಪುರ ತೀರ್ಪಿನ ಕತೆ ಅಲ್ಲಿಗೇ ಮುಗಿಯಲಿಲ್ಲ. 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ ಎಂದು ಬರೆಯಿತು. ಅದೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ದೇಸಾಯಿಯ ಪಾಲಾಗಿ ನಮ್ಮ ನಾಡಿಗೆ ಬಂದ ಪದದ ನಡುವಿನಿಂದ ಆಸ್ತಿ ಸರಿದು, ಆ ಜಾಗದಲ್ಲಿ ಜೀವ ನಿಂತಿತು. ತೀರ್ಪು ಮಾತ್ರ ಪುಸ್ತಕದಲ್ಲಿ ಉಳಿದಿತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದಾಗ ಅದನ್ನೂ ರದ್ದು ಮಾಡಿತು. ರದ್ದುಪಡಿಸಿದ ಮಾತುಗಳನ್ನು ಬರೆದವರು ಡಿ.ವೈ. ಚಂದ್ರಚೂಡ್. 1976ರ ಬಹುಮತದಲ್ಲಿದ್ದ ನಾಲ್ವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಒಬ್ಬರು.

ಖಾಸಗಿತನದ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ.